ಮನೆಯಿಂದ ವಸತಿಗೆ: ಕೃಷ್ಣಾತೀರದ ಜೈನ ಕುಟುಂಬಗಳು ಮಕ್ಕಳನ್ನು ಧಾರ್ಮಿಕ ಶಿಬಿರಕ್ಕೆ ಅಣಿಗೊಳಿಸುವ ಬಗೆ

ವೈಶಾಖಮಾಸದಲ್ಲಿ ಯಡೂರಿನ ಬಳಿ ಕೃಷ್ಣೆಯು ಬಹಳ ಕೃಶಳಾಗಿರುತ್ತಾಳೆ. ಮಳೆಗಾಲದ ಮಹಾಪೂರದಲ್ಲಿ ನೀರಿನಡಿಗೆ ಹೋಗಿಬಿಡುವ ಕಲ್ಲೋಳ–ಯಡೂರು ಸೇತುವೆಯ ಮೇಲೆ ಆಗ ಎತ್ತಿನ ಬಂಡಿಗಳೂ ಟ್ರಾಕ್ಟರುಗಳೂ ನಿರಾತಂಕವಾಗಿ ಸಾಗುತ್ತಿರುತ್ತವೆ. ಕಬ್ಬಿನ ಕಟಾವು ಮುಗಿದು, ಮುಂಗಾರಿನ ಬಿತ್ತನೆಗೆ ಇನ್ನೂ ಕೆಲವು ವಾರಗಳಿರುವ ಈ ಬಿಡುವಿನಲ್ಲಿಯೇ ನಮ್ಮ ಕಡೆಯ ಜೈನ ಮನೆಗಳಿಂದ ಹತ್ತು ಹನ್ನೆರಡು ವರ್ಷದ ಮಕ್ಕಳು ಕೈಯಲ್ಲೊಂದು ಚೀಲ, ಕಂಕುಳಲ್ಲೊಂದು ಹಾಸಿಗೆಯ ಸುರುಳಿ ಹಿಡಿದುಕೊಂಡು ಧಾರ್ಮಿಕ ಶಿಕ್ಷಣ ಶಿಬಿರಗಳಿಗೆ ಹೊರಡುತ್ತಾರೆ. ಯಡೂರು ಎಂದೊಡನೆ ಹೊರಗಿನವರಿಗೆ ವೀರಭದ್ರ ದೇವರ ನೆನಪಾಗುವುದು ಸಹಜ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಇತ್ತೀಚೆಗೆ ಪ್ರತ್ಯೇಕ ತಾಲೂಕುಗಳಾದ ನಿಪ್ಪಾಣಿ, ಕಾಗವಾಡ, ಇವೆಲ್ಲವೂ ಕರ್ನಾಟಕದ ಜೈನರು ಅತ್ಯಂತ ದಟ್ಟವಾಗಿ ನೆಲಸಿರುವ ಪ್ರದೇಶಗಳೆಂಬುದನ್ನು ವಾಚಕರು ಇಲ್ಲಿ ನೆನೆಯಬೇಕು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿದ್ದ ಜೈನರು ಸುಮಾರು 4.40 ಲಕ್ಷ. ಜಿಲ್ಲೆಗಳ ಪೈಕಿ ಬೆಳಗಾವಿಯದೇ ಅಗ್ರಸ್ಥಾನ. ಇವರಲ್ಲಿ ಬಹುಸಂಖ್ಯಾತರು ಒಕ್ಕಲುತನದವರು.

ಪ್ರಕೃತ ಲೇಖನದ ವಿಷಯವು ಶಿಬಿರದಲ್ಲಿ ಏನನ್ನು ಕಲಿಸುತ್ತಾರೆಂಬುದಲ್ಲ. ಮಗುವು ಹೊರಡುವ ಮುನ್ನ ಮನೆಯವರು ಏನೇನು ಮಾಡಿಕೊಳ್ಳಬೇಕಾಗುತ್ತದೆ, ಮರಳಿ ಬಂದಾಗ ಏನನ್ನು ಎದುರಿಸಬೇಕಾಗುತ್ತದೆ, ಈ ಸಿದ್ಧತೆಗೆ ನಮ್ಮ ಪ್ರಾಂತದಲ್ಲಿ ಯಾವ ಪೂರ್ವಚರಿತ್ರೆಯಿದೆ ಎಂಬಿಷ್ಟನ್ನೇ ಇಲ್ಲಿ ವಿಚಾರಿಸಲಾಗಿದೆ. ಶಿಕ್ಷಣದ ಇತಿಹಾಸವನ್ನು ಬರೆಯುವವರು ಸಂಸ್ಥೆಯ ಹೆಬ್ಬಾಗಿಲಿನಿಂದ ಒಳಗಿನ ಸಂಗತಿಗಳನ್ನು ಸವಿಸ್ತಾರವಾಗಿ ಬರೆದಿದ್ದಾರೆ. ಆ ಬಾಗಿಲಿನವರೆಗೆ ಮಗುವನ್ನು ಕರೆತಂದವರ ಸಂಗತಿ ಮಾತ್ರ ಸಂಸ್ಥೆಯ ದಫ್ತರಗಳಲ್ಲಿ ದೊರೆಯುವುದು ಅಪರೂಪ. ಆದುದರಿಂದ ಈ ಲೇಖನದ ಕೆಲವು ಭಾಗಗಳಿಗೆ ನಮ್ಮ ಮನೆಯ ಮತ್ತು ನೆರೆಹೊರೆಯ ನೆನಪುಗಳನ್ನೇ ಆಧಾರವಾಗಿ ಬಳಸಿದ್ದೇನೆ.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ನೆಲಸಿದ ಯೆಹೂದ್ಯರು ಒಂದು ಶತಮಾನಕ್ಕೂ ಮಿಕ್ಕಿ ಇದನ್ನು ಎದುರಿಸುತ್ತ ಬಂದಿದ್ದಾರೆ. ನ್ಯೂಯಾರ್ಕಿನ ಇಕ್ಕಟ್ಟಾದ ಬೀದಿಗಳಲ್ಲಿ ವಾಸವಾಗಿದ್ದ ವಲಸೆಗಾರರ ಹುಡುಗರಿಗೆ ಒಳ್ಳೆಯ ಗಾಳಿ, ಒಳ್ಳೆಯ ಊಟ ದೊರೆಯಲೆಂದು 1902ರಲ್ಲಿ ಸರ್‌ಪ್ರೈಸ್ ಲೇಕ್ ಎಂಬ ಬೇಸಿಗೆ ಶಿಬಿರವು ಆರಂಭವಾಯಿತು. ಆಗಿನ ಉದ್ದೇಶವು ಮುಖ್ಯವಾಗಿ ಆರೋಗ್ಯದ್ದು. 1919ರಲ್ಲಿ ಸೆಜ್‌ವಿನ್ ಶಿಬಿರವೂ, 1941ರಲ್ಲಿ ಹೀಬ್ರೂ ಭಾಷೆಯಲ್ಲಿಯೇ ದಿನಚರಿಯನ್ನೆಲ್ಲ ನಡೆಸುವ ಮಸ್ಸಾದ್ ಶಿಬಿರವೂ, 1947ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ರಾಮಾ ಶಿಬಿರವೂ ಹುಟ್ಟಿಕೊಂಡ ಮೇಲೆ ಉದ್ದೇಶವು ಬೇರೆಯಾಯಿತು. ಬಹುಸಂಖ್ಯಾತರ ನಡುವೆ ಚದುರಿಹೋದ ಒಂದು ಸಣ್ಣ ಸಮಾಜವು ತನ್ನ ಮಕ್ಕಳಿಗೆ ಕೆಲವು ವಾರಗಳ ಮಟ್ಟಿಗಾದರೂ ತನ್ನದೇ ಆದ ಊರೊಂದನ್ನು ಕಟ್ಟಿಕೊಡುವುದು ಹೊಸ ಉದ್ದೇಶವಾಯಿತು. ಅಲ್ಲಿಯ ಅಡುಗೆಮನೆಯಲ್ಲಿ ಹಾಲಿನ ಪದಾರ್ಥಕ್ಕೂ ಮಾಂಸದ ಪದಾರ್ಥಕ್ಕೂ ಬೇರೆ ಬೇರೆ ಪಾತ್ರೆಗಳು. ಶುಕ್ರವಾರ ಸೂರ್ಯಾಸ್ತದಿಂದ ಸಬ್ಬತ್ತಿನ ವಿಶ್ರಾಂತಿ. ಇಂಥ ಶಿಬಿರಗಳಿಂದ ಪಾಲಕರಿಗೆ ಮುಂಗಡವಾಗಿಯೇ ಒಂದು ಯಾದಿ ಹೋಗುತ್ತದೆ. ಇಷ್ಟು ಅಂಗಿಗಳು, ಇಷ್ಟು ಹೊದಿಕೆಗಳು, ಪ್ರತಿಯೊಂದು ಬಟ್ಟೆಯ ಮೇಲೆ ಮಗುವಿನ ಹೆಸರಿನ ಪಟ್ಟಿ ಹೊಲಿದಿರಬೇಕು, ಭೇಟಿಗೆ ಇಂಥದೇ ದಿನ ಬರಬೇಕು, ಮಗುವು ಮನೆಗೆ ಪತ್ರ ಬರೆಯಬೇಕು, ಇತ್ಯಾದಿ. ಮೇಲುನೋಟಕ್ಕೆ ಕ್ಷುಲ್ಲಕವೆನಿಸುವ ಈ ಯಾದಿಯೇ ಮನೆಗೂ ಶಿಬಿರಕ್ಕೂ ನಡುವಿನ ಕರಾರುಪತ್ರ. ನಮ್ಮಲ್ಲಿ ಆ ಕರಾರು ಬಹುಕಾಲ ಬಾಯಿಮಾತಿನದಾಗಿಯೇ ಉಳಿಯಿತು. ಅನೇಕ ಸಲ ಬಾಯಿಮಾತೂ ಆಗಲಿಲ್ಲ.

ನಮ್ಮ ಪ್ರಾಂತದಲ್ಲಿ ಮಗುವನ್ನು ಸಮಾಜದ ವಸತಿಗೆ ಕಳುಹಿಸುವ ಪದ್ಧತಿಗೆ ಮೊದಲ ನೆಲೆ ಕೊಲ್ಹಾಪುರ. 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಭಾರತ ಜೈನ ಸಭೆಯು ಸ್ಥಾಪಿತವಾದಾಗ ಅದರ ಮುಂದಿದ್ದ ಮುಖ್ಯ ಚಿಂತೆ ವಿದ್ಯಾಭ್ಯಾಸದ್ದೇ ಆಗಿದ್ದಿತು. ಹಳ್ಳಿಯ ರೈತನ ಮಗನು ಇಂಗ್ಲಿಷ್ ಶಾಲೆಗೆ ಹೋಗಬೇಕಾದರೆ ಪೇಟೆಯಲ್ಲಿ ಉಳಿಯಬೇಕು, ಉಳಿದರೆ ಊಟವೆಲ್ಲಿ? ಶಾಹೂ ಛತ್ರಪತಿಗಳು 1901ರಿಂದ ಮುಂದಕ್ಕೆ ತಮ್ಮ ರಾಜಧಾನಿಯಲ್ಲಿ ಒಂದೊಂದು ಸಮಾಜಕ್ಕೂ ವಿದ್ಯಾರ್ಥಿ ವಸತಿಗೃಹಗಳಾಗುವಂತೆ ನೆಲವನ್ನೂ ಧನವನ್ನೂ ಒದಗಿಸತೊಡಗಿದರು. ಮರಾಠಾ, ಜೈನ, ಲಿಂಗಾಯತ, ಮುಸಲ್ಮಾನ ವಸತಿಗೃಹಗಳು ಒಂದರ ಹಿಂದೊಂದು ತಲೆಯೆತ್ತಿದವು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ 1908ರಲ್ಲಿ ಮಿಸ್ ಕ್ಲಾರ್ಕ್ ವಸತಿಗೃಹವಾಯಿತು. ಆಗ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿದ್ದಿತು; ಚಿಕ್ಕೋಡಿಯು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದರೂ ಬಂಡಿಯ ಹಾದಿಯಲ್ಲಿ ಕೊಲ್ಹಾಪುರವೇ ಹತ್ತಿರ. ಹೀಗಾಗಿ ನಮ್ಮ ಕಡೆಯ ತಂದೆತಾಯಂದಿರಿಗೆ ‘ಬೋರ್ಡಿಂಗು’ ಎಂಬ ಶಬ್ದವು ಪರಿಚಿತವಾದದ್ದು ಆ ಊರಿನ ಮೂಲಕವೇ.

ಪ್ರತಿ ಸಮಾಜಕ್ಕೂ ಬೇರೆ ವಸತಿಗೃಹವೇಕೆ ಬೇಕಾಯಿತೆಂದು ಇಂದಿನ ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರವು ಅಡುಗೆಮನೆಯಲ್ಲಿದೆ. ಮಗನು ಯಾರ ಕೈಯಿಂದ ಉಣ್ಣುವನು, ಯಾವ ನೀರು ಕುಡಿಯುವನು, ಯಾರ ಪಂಕ್ತಿಯಲ್ಲಿ ಕೂಡುವನು ಎಂಬುದರ ಬಗೆಗೆ ಭರವಸೆ ದೊರೆಯದೆ ಅಂದಿನ ತಾಯಿ ಮಗನನ್ನು ಕಳುಹಿಸುತ್ತಿರಲಿಲ್ಲ. ವಸತಿಗೃಹವು ಆ ಭರವಸೆಯನ್ನು ಕೊಟ್ಟಿತು. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ ಪಾಟೀಲರು ಕೊಲ್ಹಾಪುರದ ಜೈನ ವಸತಿಗೃಹದಲ್ಲಿದ್ದಾಗ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಗಾಗಿ ಸ್ನಾನ ಮಾಡಲು ಒಪ್ಪದೆ, ಆ ಕಾರಣದಿಂದ ವಸತಿಗೃಹವನ್ನು ಬಿಡಬೇಕಾಯಿತೆಂದು ಅವರ ಚರಿತ್ರೆಗಳಲ್ಲಿ ಹೇಳಿದೆ. ಅವರೇ ಮುಂದೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಅವರು ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಹುಡುಗರೂ ಕೂಡಿ ಬೇಯಿಸಿ, ಕೂಡಿ ಉಂಡರು. ಗಾಂಧೀಜಿಯವರು 1927ರಲ್ಲಿ ಅಲ್ಲಿಗೆ ಬಂದು ಅದಕ್ಕೆ ಶಾಹೂ ಛತ್ರಪತಿಗಳ ಹೆಸರನ್ನಿಟ್ಟರು. ಹುಡುಗರ ದಿನಸಿಗೆ ಹಣವಿಲ್ಲದಾಗ ಭಾವುರಾವ ಪಾಟೀಲರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೂ ಕೊನೆಗೆ ಮಂಗಲಸೂತ್ರವನ್ನೂ ಕೊಟ್ಟ ಸಂಗತಿ ಪ್ರಸಿದ್ಧವಾಗಿದೆ. ಒಂದೇ ಜೈನ ಮನೆತನದ ಹುಡುಗನೊಬ್ಬನು ಒಂದು ಅಡುಗೆಮನೆಯಿಂದ ಹೊರಬಿದ್ದು ಇನ್ನೊಂದು ಬಗೆಯ ಅಡುಗೆಮನೆಯನ್ನು ಕಟ್ಟಿದನೆಂಬುದನ್ನು ನಾವು ಮರೆಯಲಾಗದು. ಮನೆಯವರ ಭರವಸೆಗಾಗಿ ಹಾಕಿದ ಬೇಲಿಯು ಯಾರನ್ನು ಹೊರಗಿಡುತ್ತದೆಂಬ ಪ್ರಶ್ನೆ ಇಂದಿನ ಶಿಬಿರಗಳಿಗೂ ಅನ್ವಯಿಸುತ್ತದೆ.

ಎರಡನೆಯ ಘಟ್ಟವು ಗುರುಕುಲಗಳದು. ವಿದರ್ಭದ ಕಾರಂಜಾದಲ್ಲಿ 1918ರಲ್ಲಿ ಬ್ರಹ್ಮಚರ್ಯಾಶ್ರಮವನ್ನು ಆರಂಭಿಸಿದ ಸಮಂತಭದ್ರರು 1934ರಲ್ಲಿ ಕುಂಭೋಜದ ಬಾಹುಬಲಿ ಬೆಟ್ಟದ ತಪ್ಪಲಿನಲ್ಲಿ ಇನ್ನೊಂದನ್ನು ತೆರೆದರು. ಸ್ತವನಿಧಿಯಲ್ಲಿಯೂ ಗುರುಕುಲವಾಯಿತು. ಶೇಡಬಾಳದಲ್ಲಿ ಆಚಾರ್ಯ ಶಾಂತಿಸಾಗರರ ಹೆಸರಿನ ಆಶ್ರಮವು ಮಕ್ಕಳಿಗೆ ಆಶ್ರಯ ನೀಡಿತು. ವಸತಿಗೃಹದಲ್ಲಿ ಊಟ ಮತ್ತು ನಿದ್ದೆ ಮಾತ್ರ ಸಮಾಜದ್ದು, ಪಾಠವು ಸರಕಾರಿ ಶಾಲೆಯದು. ಗುರುಕುಲದಲ್ಲಿ ಪ್ರಾತಃಕಾಲದ ಪ್ರಾರ್ಥನೆಯಿಂದ ರಾತ್ರಿಯ ಶಯನದವರೆಗೆ ಯಾವತ್ತೂ ಒಂದೇ ಸೂತ್ರಕ್ಕೆ ಒಳಪಟ್ಟಿತು. ಹುಡುಗರು ಬಟ್ಟೆಯನ್ನು ತಾವೇ ಒಗೆದುಕೊಳ್ಳಬೇಕು, ತಾಟನ್ನು ತಾವೇ ತೊಳೆಯಬೇಕು, ಅಂಗಳ ಗುಡಿಸಬೇಕು. ಮನೆಯಲ್ಲಿ ಅಕ್ಕತಂಗಿಯರು ಮಾಡುತ್ತಿದ್ದ ಕೆಲಸಗಳು ಇವು. ಹೀಗಾಗಿ ಹೊರಡುವ ಮುನ್ನಿನ ತಿಂಗಳಿನಲ್ಲಿ ಗಂಡುಮಗನಿಗೆ ಬಟ್ಟೆ ಒಗೆಯಲು ಕಲಿಸುವ ವಿಚಿತ್ರ ದೃಶ್ಯವು ನಮ್ಮ ಹಳ್ಳಿಗಳ ಹೊಳೆಯ ದಂಡೆಯ ಮೇಲೆ ಕಾಣುತ್ತಿದ್ದಿತೆಂದು ಹಿರಿಯರು ನಗುತ್ತ ಹೇಳುತ್ತಾರೆ.

ಭಾಷೆಯ ತೊಡಕನ್ನು ಕುರಿತು ಇಲ್ಲಿ ಕೊಂಚ ಹೆಚ್ಚಾಗಿ ಹೇಳತಕ್ಕದ್ದಿದೆ. ಮನೆಯಲ್ಲಿ ಕನ್ನಡವಾಡುವ ಹುಡುಗನು ಕುಂಭೋಜಕ್ಕೆ ಹೋದರೆ ಪಾಠವು ಮರಾಠಿಯಲ್ಲಿ, ಸ್ತೋತ್ರಗಳು ಸಂಸ್ಕೃತದಲ್ಲಿ, ಮಂತ್ರವು ಪ್ರಾಕೃತದಲ್ಲಿ. 1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ದಾರಿಯ ನಡುವೆ ರಾಜ್ಯದ ಗಡಿಯೂ ಬಂದು ನಿಂತಿತು. ಅಥಣಿಯ ಕಡೆಯ ತಂದೆಯೊಬ್ಬನು ಶೇಡಬಾಳದಲ್ಲಿ ರೈಲು ಹತ್ತಿ, ಮಿರಜಿನಲ್ಲಿ ಗಾಡಿ ಬದಲಿಸಿ, ಹಾತಕಣಂಗಲೆಯಲ್ಲಿ ಇಳಿದು ಮಗನನ್ನು ಬಿಟ್ಟು ಬಂದರೆ, ಮುಂದೆ ಮಗನ ಕಾಗದವು ಮರಾಠಿಯಲ್ಲಿ ಬರುತ್ತಿದ್ದಿತು. ಅದನ್ನು ಓದಿಸಿಕೊಳ್ಳಲು ತಾಯಿ ಇನ್ನೊಬ್ಬರ ಮನೆಗೆ ಹೋಗಬೇಕು. ಮಗನು ತನ್ನ ಸಂಕಟವನ್ನು ತಾಯಿಗೆ ತಿಳಿಸಬೇಕಾದರೆ ಅದು ಊರಿನ ಒಬ್ಬಿಬ್ಬರ ಬಾಯಿಯಿಂದಲೇ ಅವಳನ್ನು ಮುಟ್ಟಬೇಕಾಗುತ್ತಿತ್ತು. ಇದನ್ನರಿತ ಕೆಲವು ಮನೆಗಳಲ್ಲಿ ಹುಡುಗನಿಗೆ ಹೊರಡುವ ಮುನ್ನವೇ ಮೋಡಿಯಲ್ಲದ ಬಾಲಬೋಧ ಅಕ್ಷರಗಳನ್ನು ಕಲಿಸುವುದರ ಜೊತೆಗೆ ಕನ್ನಡ ಕಾಗುಣಿತವನ್ನು ಗಟ್ಟಿಮಾಡಿಸುತ್ತಿದ್ದರು. ಮೊದಲನೆಯದು ಪಾಠಕ್ಕಾಗಿ, ಎರಡನೆಯದು ತಾಯಿಗಾಗಿ. ಮಸ್ಸಾದ್ ಶಿಬಿರಕ್ಕೆ ಮಕ್ಕಳನ್ನು ಕಳುಹಿಸಿದ ಯೆಹೂದ್ಯ ಪಾಲಕರಲ್ಲಿಯೂ ಹೀಬ್ರೂ ಮಾತಾಡಬಲ್ಲವರು ಕಡಮೆ. ಆದರೆ ಮಗುವು ಮನೆಗೆ ಬರೆಯುವಾಗ ಮನೆಯ ಭಾಷೆಯನ್ನೇ ಬಳಸಬಹುದಾಗಿತ್ತು. ನಮ್ಮ ಹುಡುಗರಲ್ಲಿ ಅನೇಕರಿಗೆ ಕನ್ನಡವನ್ನು ಬರೆಯುವ ಅಭ್ಯಾಸವೇ ತಪ್ಪಿಹೋಯಿತು.

ಇದರಿಂದ ಹಾನಿಯೊಂದೇ ಆಯಿತೆಂದು ನಾನು ಹೇಳಲಾರೆ. ಸದಲಗೆಯಲ್ಲಿ 1906ರಲ್ಲಿ ಜನಿಸಿದ ಆ. ನೇ. ಉಪಾಧ್ಯೆಯವರು ಊರು ಬಿಟ್ಟು ಓದಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಜಗತ್ತಿನ ಪ್ರಾಕೃತ ವಿದ್ವಾಂಸರ ಮನ್ನಣೆ ಪಡೆದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಹಲವು ಭಾಷೆಗಳ ನಡುವೆ ಬೆಳೆದವನಿಗೆ ಅವು ತೊಡಕಾಗದೆ ಸಂಪತ್ತೂ ಆಗಬಹುದು. ಆದರೆ ಅಂಥವರನ್ನು ಮುಂದಿಟ್ಟುಕೊಂಡು ಉಳಿದ ಹುಡುಗರ ಮೌನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನ್ಯಾಯವಲ್ಲ.

ಮೂರನೆಯದು ಇಂದಿನ ಬೇಸಿಗೆ ಶಿಬಿರ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗಿನ ಶಾಲೆಯ ರಜೆಯಲ್ಲಿ, ಎಂಟು ದಿನಗಳಿಂದ ಹದಿನೈದು ದಿನಗಳವರೆಗೆ ಇವು ನಡೆಯುತ್ತವೆ. ಬಸದಿಯ ಆವರಣ, ಕ್ಷೇತ್ರದ ಧರ್ಮಶಾಲೆ, ಕೆಲವೊಮ್ಮೆ ಶಾಲೆಯ ಕಟ್ಟಡ, ಎಲ್ಲಿಯಾದರೂ ಸರಿ. ವೀರ ಸೇವಾ ದಳದಂಥ ಸಂಘಟನೆಗಳು ಊರೂರಿನಲ್ಲಿ ನಡೆಸುವ ಪಾಠಶಾಲೆಗಳ ಮಕ್ಕಳೂ ಇವುಗಳಿಗೆ ಸೇರುತ್ತಾರೆ. ಕಾಲವು ಅನುಕೂಲವಾದುದೇ. ಅಕ್ಷಯ ತೃತೀಯೆಯೂ ಈ ದಿನಗಳಲ್ಲಿಯೇ ಬರುತ್ತದೆ. ಆದಿನಾಥನು ದೀರ್ಘ ಉಪವಾಸದ ಬಳಿಕ ಶ್ರೇಯಾಂಸರಾಜನಿಂದ ಕಬ್ಬಿನ ರಸದ ಆಹಾರ ಪಡೆದ ಕಥೆಯನ್ನು, ಕಬ್ಬಿನ ಗದ್ದೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಯಾವ ಪಂಡಿತರೂ ಹೆಚ್ಚು ವಿವರಿಸಬೇಕಾಗಿಲ್ಲ.

ಶಿಬಿರದ ದಿನಚರಿಯಲ್ಲಿ ಮನೆಯ ಪದ್ಧತಿಯಿಂದ ಅತ್ಯಂತ ಭಿನ್ನವಾದುದು ಆಹಾರ. ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಿಯೇ ಕುಡಿಯಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಮೊದಲಾದ ಕಂದಮೂಲಗಳಿಲ್ಲ. ಸೂರ್ಯಾಸ್ತದ ನಂತರ ಅನ್ನವಿಲ್ಲ. ಪುಸ್ತಕದಲ್ಲಿ ಇವು ಪ್ರತಿಯೊಬ್ಬ ಶ್ರಾವಕನ ಧರ್ಮಗಳು. ಬಾಳಿನಲ್ಲಿ ನಮ್ಮ ಒಕ್ಕಲಿಗ ಜೈನ ಮನೆಗಳಲ್ಲಿ ಅನೇಕವು ಉಳ್ಳಾಗಡ್ಡಿಯನ್ನು ಬೆಳೆಯುತ್ತವೆ, ಉಣ್ಣುತ್ತವೆ. ಹೊಲದಿಂದ ಹೆಂಗಸರು ಬರುವುದೇ ದೀಪ ಹಚ್ಚುವ ಹೊತ್ತಿಗೆ; ರೊಟ್ಟಿ ಬಡಿಯುವುದು ಅನಂತರ. ಸಮಂತಭದ್ರಾಚಾರ್ಯನ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ತಿಳಿದಿರುವಂತೆ, ಗೃಹಸ್ಥನು ಏರಬೇಕಾದ ಹನ್ನೊಂದು ಪ್ರತಿಮೆಗಳಲ್ಲಿ ರಾತ್ರಿಭೋಜನದ ಸಂಪೂರ್ಣ ತ್ಯಾಗವು ಆರನೆಯ ಮೆಟ್ಟಿಲು. ಅಷ್ಟು ಮೆಟ್ಟಿಲುಗಳನ್ನು ಒಂದು ಜೀವಮಾನದಲ್ಲಿ ನಿಧಾನವಾಗಿ ಏರಬೇಕೆಂಬುದು ಗ್ರಂಥದ ಭಾವ. ಶಿಬಿರವು ಹನ್ನೊಂದು ವರ್ಷದ ಹುಡುಗನನ್ನು ಒಂದೇ ಸಂಜೆಗೆ ಆರನೆಯ ಮೆಟ್ಟಿಲಿನ ಮೇಲೆ ನಿಲ್ಲಿಸುತ್ತದೆ. ಮೊದಲ ರಾತ್ರಿ ಮಕ್ಕಳು ಅಳುವುದು ತಾಯಿಯ ನೆನಪಿನಿಂದಲೆಂದು ಎಲ್ಲರೂ ತಿಳಿಯುತ್ತಾರೆ. ಹಸಿವೆಯ ಪಾಲೂ ಅದರಲ್ಲಿ ಕಡಮೆಯಿಲ್ಲವೆಂದು ಸ್ವಾನುಭವದಿಂದ ಹೇಳಬಲ್ಲೆ.

ನಮ್ಮ ಆಯಿಗೆ ಇದು ಗೊತ್ತಿತ್ತು. ನನ್ನನ್ನು ಕಳುಹಿಸಲು ನಿಶ್ಚಯವಾದ ದಿನದಿಂದಲೇ ಅವಳು ನನ್ನ ರಾತ್ರಿಯೂಟವನ್ನು ದಿನಕ್ಕಿಷ್ಟಿಷ್ಟು ಮುಂಚಿತವಾಗಿ ಬಡಿಸತೊಡಗಿದಳು. ಮೊದಲು ದೀಪ ಹಚ್ಚುವ ಮುನ್ನ, ಮುಂದಿನ ವಾರ ಎಮ್ಮೆ ಮನೆಗೆ ಬರುವ ಹೊತ್ತಿಗೆ, ಕೊನೆಗೆ ಬಿಸಿಲು ಗೋಡೆಯ ಮೇಲಿರುವಾಗಲೇ. ತಾನೂ ನನ್ನ ಜೊತೆಗೆ ಕುಳಿತು ಉಣ್ಣುತ್ತಿದ್ದಳು. “ನೀ ಒಬ್ನ ಉಂಡ್ರ ಶಿಕ್ಷಾ ಆಕ್ಕೈತಿ, ಇಬ್ರೂ ಉಂಡ್ರ ರೂಢಿ ಆಕ್ಕೈತಿ” ಎಂದು ಅವಳು ಹೇಳಿದ್ದು ಇನ್ನೂ ನೆನಪಿದೆ. ಹಾಸಿಗೆಯ ವಿಷಯದಲ್ಲಿಯೂ ಹಾಗೆಯೇ. ಅವ್ವನ ಮಗ್ಗುಲಲ್ಲಿ ಮಲಗುತ್ತಿದ್ದವನನ್ನು ಪಡಸಾಲೆಗೆ, ಪಡಸಾಲೆಯಿಂದ ಕಟ್ಟೆಗೆ, ಒಂದೊಂದೇ ವಾರದ ಅಂತರದಲ್ಲಿ ಸಾಗಿಸಿದರು. ಕೌದಿಯೊಂದು ಮಾತ್ರ ಬದಲಾಗಲಿಲ್ಲ. ಅದನ್ನೇ ಸುತ್ತಿ ಶಿಬಿರಕ್ಕೂ ಕೊಟ್ಟರು.

ಇಷ್ಟು ಮಾಡಿದರೂ ಮುಖ್ಯವಾದ ಒಂದು ಸಂಗತಿ ನಮ್ಮ ಮನೆಗೆ ತಿಳಿದಿರಲಿಲ್ಲ. ಶಿಬಿರವಿದ್ದ ಊರಿನ ಹೆಸರು ಇಲ್ಲಿ ಅಗತ್ಯವಿಲ್ಲ. ಬಾಗಿಲಿನಲ್ಲಿಯೇ ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಉಂಡಿಯ ಡಬ್ಬಿಯನ್ನು ತೆಗೆದಿಟ್ಟುಕೊಂಡರು. ಹೊರಗಿನ ತಿನಿಸು ನಿಷಿದ್ಧವೆಂದರು. ಎಂಟನೆಯ ದಿನ ರವಿವಾರ. ಅಪ್ಪ ಸಂತೆ ಬಿಟ್ಟು ಎರಡು ಬಸ್ಸು ಬದಲಿಸಿ ಬಂದಿದ್ದರು. ಭೇಟಿಗೆ ಅವಕಾಶವಿಲ್ಲವೆಂಬ ನಿಯಮವನ್ನು ಅವರಿಗೆ ಆಗ ಹೇಳಲಾಯಿತು. ನಾವು ಸಾಲಾಗಿ ಪೂಜೆಗೆ ಹೋಗುವಾಗ ಹುಣಸೆಯ ಮರದ ಕೆಳಗೆ ಅವರು ನಿಂತಿದ್ದುದನ್ನು ನಾನು ನೋಡಿದೆ, ಅವರೂ ನನ್ನನ್ನು ನೋಡಿದರು. ಕೈಯೆತ್ತಲಿಲ್ಲ. ಸಾಲು ಕೆಡಬಾರದೆಂದು ಅವರು ಭಾವಿಸಿರಬೇಕು. ಆ ದಿನದ ಪಾಠವೇನಿತ್ತೆಂದು ನನಗೆ ನೆನಪಿಲ್ಲ. ಬಹಳ ವರ್ಷಗಳ ಮೇಲೆ ಈ ಮಾತು ಬಂದಾಗ ಅಪ್ಪ ಹೇಳಿದ್ದು ಇಷ್ಟೇ: “ಮೊದಲ ಹೇಳಿದ್ರ ಬರ್ತಿದ್ದಿಲ್ಲ.” ನಿಯಮವು ತಪ್ಪೆಂದು ನಾನು ವಾದಿಸುವುದಿಲ್ಲ. ನಡುವೆ ಒಬ್ಬನ ತಂದೆ ಬಂದು ಹೋದರೆ ಉಳಿದ ನಲವತ್ತು ಮಕ್ಕಳು ಕಣ್ಣೀರು ಹಾಕುವರೆಂಬುದು ನಿಜ. ಆದರೆ ನಿಯಮವು ಬಾಗಿಲಿನಲ್ಲಿ ತಿಳಿಯುವುದಕ್ಕೂ ಮನೆಯಲ್ಲಿ ತಿಳಿಯುವುದಕ್ಕೂ ಬಹಳ ಅಂತರವಿದೆ. ಮುನ್ನ ತಿಳಿದಿದ್ದರೆ ಅಪ್ಪ ಅದನ್ನು ನನಗೆ ತಾವೇ ಹೇಳುತ್ತಿದ್ದರು, ನಾನು ಎಂಟು ದಿನ ದಾರಿ ಕಾಯುತ್ತಿರಲಿಲ್ಲ.

ಮರಳಿ ಬಂದ ಮೇಲಿನ ಪ್ರಕರಣವು ಇನ್ನೂ ಸೂಕ್ಷ್ಮವಾದುದು. ಶಿಬಿರದಲ್ಲಿ ನಾನು ಒಂದು ವರ್ಷದ ಮಟ್ಟಿಗೆ ರಾತ್ರಿಭೋಜನ ತ್ಯಾಗದ ನಿಯಮವನ್ನು ಎಲ್ಲರೊಡನೆ ಕೈಜೋಡಿಸಿ ಸ್ವೀಕರಿಸಿದ್ದೆ. ಮನೆಗೆ ಬಂದ ದಿನವೇ ಅವ್ವ ಮಗ ಬಂದನೆಂದು ಹೊಲದಿಂದ ಓಡಿಬಂದು, ಕತ್ತಲಾದರೂ ಬಿಸಿರೊಟ್ಟಿ, ಜುಣಕ ಮಾಡಿ ಬಡಿಸಿದಳು. ನಾನು ಒಲ್ಲೆನೆಂದೆ. ಜುಣಕದಲ್ಲಿ ಉಳ್ಳಾಗಡ್ಡಿಯಿದೆಯೆಂದೂ ಹೇಳಿದೆ. ಅವ್ವ ಏನೂ ಅನ್ನಲಿಲ್ಲ, ತಾಟನ್ನು ತೆಗೆದಿಟ್ಟಳು. ಆ ರಾತ್ರಿ ಆಕೆಯೂ ಉಣ್ಣಲಿಲ್ಲವೆಂದು ನನಗೆ ತಿಳಿದದ್ದು ಆಮೇಲೆ. ಮೂರನೆಯ ದಿನ ಆಯಿ ತೀರ್ಪು ಕೊಟ್ಟಳು: “ಹೊತ್ತಿರತಾನ ಉಣ್ಣಪಾ, ನೇಮಾ ಮುರೀಬ್ಯಾಡ. ಆದ್ರ ನಿಮ್ಮವ್ವ ಉಣ್ಣೂವಾಗ ಬಂದು ಮಗ್ಗಲಕ ಕುಂಡ್ರು.” ಒಂದು ವರ್ಷ ನಾನು ಹಾಗೆಯೇ ಕುಳಿತೆ. ಧರ್ಮಶಾಸ್ತ್ರದ ಯಾವ ಗ್ರಂಥದಲ್ಲಿಯೂ ಈ ವಿಧಿ ನನಗೆ ದೊರೆತಿಲ್ಲ.

ಅಮೆರಿಕದ ಯೆಹೂದ್ಯರ ಮನೆಗಳಲ್ಲಿಯೂ ಇದೇ ನಡೆದಿದೆ. ಆಹಾರನಿಯಮಗಳನ್ನು ಸಡಿಲಗೊಳಿಸಿದ್ದ ಕುಟುಂಬಗಳ ಮಕ್ಕಳು ರಾಮಾದಂಥ ಶಿಬಿರದಲ್ಲಿ ಬೇಸಿಗೆ ಕಳೆದು ಬಂದು, ತಾಯಿಯ ಅಡುಗೆಮನೆಯ ಪಾತ್ರೆಗಳ ವಿಷಯವಾಗಿ ಪ್ರಶ್ನೆಯೆತ್ತಿದರು. ಮಗುವನ್ನು ಧರ್ಮ ಕಲಿಯಲೆಂದು ಕಳುಹಿಸಿದ ತಂದೆತಾಯಿ, ಅದು ನಿಜವಾಗಿಯೂ ಕಲಿತು ಬಂದಾಗ ಕಕ್ಕಾಬಿಕ್ಕಿಯಾಗುವುದು ಎರಡು ಸಮಾಜಗಳಿಗೂ ಸಾಮಾನ್ಯ. ಶಿಬಿರವು ಮಗುವಿನಲ್ಲಿ ತಂದ ಬದಲಾವಣೆ ಉಳಿಯಬೇಕಾದರೆ ಮನೆಯೂ ಕೊಂಚ ಸರಿದು ಜಾಗ ಕೊಡಬೇಕು. ಎಷ್ಟು ಸರಿಯಬಲ್ಲೆವೆಂಬುದನ್ನು ಮನೆಯವರು ಕಳುಹಿಸುವ ಮುನ್ನವೇ ತಮ್ಮಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು. ಅಂತೆಯೇ ಮಗುವಿನಿಂದ ಪ್ರತಿಜ್ಞೆ ಪಡೆಯುವ ಪಂಡಿತರು ಅದರ ಮನೆಯಲ್ಲಿ ಸಂಜೆಯ ಒಲೆ ಎಷ್ಟು ಹೊತ್ತಿಗೆ ಹೊತ್ತುತ್ತದೆಂದು ವಿಚಾರಿಸುವುದು ಅವಶ್ಯ. ವಿಚಾರಿಸದೆ ಪಡೆದ ಪ್ರತಿಜ್ಞೆಯ ಭಾರವು ತಾಯಿಯ ಮೇಲೆ ಬೀಳುತ್ತದೆ.

ನಮ್ಮ ಪ್ರಾಂತದಲ್ಲಿ ಇನ್ನೊಂದು ಭಯವೂ ಉಂಟು. ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಭೋಜದ ಸಾತಗೌಡ ಪಾಟೀಲರು ಆಚಾರ್ಯ ಶಾಂತಿಸಾಗರರಾದದ್ದು, ಕೋಥಳಿಯಿಂದ ಆಚಾರ್ಯ ದೇಶಭೂಷಣರು, ಶೇಡಬಾಳದಿಂದ ಆಚಾರ್ಯ ವಿದ್ಯಾನಂದರು ಹೊರಟದ್ದು ಈ ನೆಲದ ಹೆಮ್ಮೆ. ಸದಲಗೆಯಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರರು 1968ರಲ್ಲಿ ಅಜಮೇರದಲ್ಲಿ ಮುನಿದೀಕ್ಷೆ ಪಡೆದು ವಿದ್ಯಾಸಾಗರರಾದರು. ಮುಂದೆ ಅವರ ತಂದೆ, ತಾಯಿ, ಇಬ್ಬರು ತಮ್ಮಂದಿರು ಸಹ ತ್ಯಾಗಮಾರ್ಗವನ್ನೇ ಹಿಡಿದರು. 2024ರಲ್ಲಿ ಡೋಂಗರಗಢದಲ್ಲಿ ಆಚಾರ್ಯರು ಸಮಾಧಿಸ್ಥರಾದಾಗ ನಮ್ಮ ಹಳ್ಳಿಗಳಲ್ಲಿಯೂ ಒಲೆ ಹಚ್ಚದ ಮನೆಗಳಿದ್ದವು. ಇಂಥ ನೆಲದಲ್ಲಿ ಮಗನನ್ನು ಹದಿನೈದು ದಿನ ತ್ಯಾಗಿಗಳ ಸನ್ನಿಧಿಗೆ ಕಳುಹಿಸುವ ತಾಯಿಯ ಮನಸ್ಸಿನಲ್ಲಿ, ಇವನು ತಿರುಗಿ ಬಾರದಿದ್ದರೆ ಎಂಬ ಅಳುಕು ಸುಳಿಯುವುದು ಆಶ್ಚರ್ಯವಲ್ಲ. ಅದೇ ತಾಯಿ ಮುನಿಗಳು ಊರಿಗೆ ಬಂದಾಗ ಆಹಾರದಾನಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲುತ್ತಾಳೆ. ಎರಡೂ ಭಾವಗಳು ಒಂದೇ ಎದೆಯಲ್ಲಿರಲು ಅಡ್ಡಿಯಿಲ್ಲ. ಹುಡುಗನೊಬ್ಬನು ಶಿಬಿರದಿಂದ ಬಂದು ಮೌನವಾಗಿದ್ದರೆ ಮನೆಯವರು ಹೆದರಿ ಮಾತು ಬೆಳೆಸುವುದುಂಟು. ಬಹುಪಾಲು ಅದು ದಣಿವಿನ ಮೌನ, ವಾರದಲ್ಲಿ ಕಳೆಯುತ್ತದೆ.

ಈಚಿನ ಕೆಲವು ವರ್ಷಗಳಿಂದ ಶಿಬಿರದ ಮುಂಚಿನ ರವಿವಾರ ಪಾಲಕರ ಸಭೆ ಕರೆಯುವ ರೂಢಿ ಅಲ್ಲಲ್ಲಿ ಬಂದಿದೆ. ಅಚ್ಚುಹಾಕಿದ ಯಾದಿಯನ್ನೂ ಕೊಡುತ್ತಾರೆ: ಎರಡು ಬಿಳಿ ಜೊತೆ, ತಾಟು, ವಾಟಿ, ತಂಬಿಗೆ, ಹಾಸಿಗೆ, ಎಲ್ಲದರ ಮೇಲೆ ಹೆಸರು. ಭೇಟಿಯ ದಿನ, ಫೋನಿನ ಹೊತ್ತು, ಔಷಧದ ವಿವರ ಎಲ್ಲವೂ ಅದರಲ್ಲಿರುತ್ತವೆ. ಕಳೆದ ಬೇಸಿಗೆಯಲ್ಲಿ ನೆರೆಯೂರಿನ ಬಸದಿಯೊಂದರಲ್ಲಿ ನಡೆದ ಇಂಥ ಸಭೆಗೆ ನನ್ನನ್ನೂ ಕರೆದಿದ್ದರು. ಇತಿಹಾಸದ ಅಧ್ಯಾಪಕನೆಂದು ಕೊಲ್ಹಾಪುರದ ವಸತಿಗೃಹಗಳ ಬಗೆಗೆ ಅರ್ಧ ಗಂಟೆ ಮಾತಾಡಿದೆ. ಜನರು ಸೌಜನ್ಯದಿಂದ ಕೇಳಿದರು. ಪ್ರಶ್ನೆಗಳು ಆರಂಭವಾದದ್ದು ನಾನು ಕುಳಿತ ಮೇಲೆ. ಗಂಡಸರು ಪ್ರಮಾಣಪತ್ರ ಕೊಡುವಿರಾ, ಬಸ್ಸು ಎಲ್ಲಿ ನಿಲ್ಲುವುದು ಎಂದು ಕೇಳಿದರು. ಹೆಂಗಸರ ಸಾಲಿನಿಂದ ಬಂದವು ಬೇರೆ ಬಗೆಯವು. ಸಂಜೆ ಊಟವಾದ ಮೇಲೆ ಹುಡುಗ ಹಸಿದರೆ ನೀರನ್ನಾದರೂ ಕೊಡುವಿರಾ? ದೀಪ ಹಚ್ಚಿದ ಮೇಲೆ ಮನೆಯಲ್ಲಿ ಉಣ್ಣುವ ನಮ್ಮನ್ನು ಕುರಿತು ಅಲ್ಲಿ ಏನೆಂದು ಹೇಳುವಿರಿ? ಈ ಎರಡನೆಯ ಪ್ರಶ್ನೆಗೆ ಶಿಬಿರದ ಗುರೂಜಿಯವರು ಕೂಡಲೆ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಿಮ್ಮ ದುಡಿಮೆಯಿಂದಲೇ ಶಿಬಿರದ ಧಾನ್ಯ ಬಂದಿದೆಯೆಂದು ಮೊದಲ ದಿನವೇ ಮಕ್ಕಳಿಗೆ ಹೇಳುತ್ತೇನೆ, ತಾಯೀ, ಎಂದರು.

ಕೊನೆಗೆ ಎದ್ದವಳು ಎಳೆಯ ವಯಸ್ಸಿನ ತಾಯಿ. ಮಗನನ್ನು ಮೊದಲ ಸಲ ಕಳುಹಿಸುತ್ತಿದ್ದಳು. ಮಕ್ಕಳು ಮಲಗುವ ಕೋಣೆಯಲ್ಲಿ ರಾತ್ರಿ ದೀಪವಿರುತ್ತದೆಯೋ ಎಂದು ಕೇಳಿದಳು. ಕೋಣೆಯಲ್ಲಿಲ್ಲ, ಹೊರಗಿನ ಪಡಸಾಲೆಯಲ್ಲಿ ಬಚ್ಚಲಿನ ದಾರಿಗೆ ಒಂದು ಉರಿಯುತ್ತದೆ, ಬಾಗಿಲು ತೆರೆದೇ ಇರುತ್ತದೆ ಎಂದು ಗುರೂಜಿ ಹೇಳಿದರು. ಹಾಗಾದರೆ ಅವನ ಹಾಸಿಗೆಯನ್ನು ಬಾಗಿಲಿನ ಕಡೆಗೆ ಹಾಕಿಸಿರಿ ಎಂದಳು. ಅವರು ಯಾದಿಯ ಅಂಚಿನಲ್ಲಿ ಹುಡುಗನ ಹೆಸರಿನ ಎದುರಿಗೆ ಅದನ್ನು ಬರೆದುಕೊಂಡರು.